ಜಲಪಾತಕ್ಕೊಂದು ಜೊತೆ ಬೂಟು

ನಮ್ಮ ದೊಡ್ಡಪ್ಪನ ಅಂಗಡಿಯಲ್ಲಿ ಊರಿನ ಗಣ್ಯರೆಲ್ಲ ಸೂರಿನಿಂದ ನೇತಾಡುತ್ತಿದ್ದರು. ಗಾಬರಿ ಬೇಡ. ನೇತಾಡುತ್ತಿದ್ದದ್ದು ಅವರ ಪಾದಗಳು ಮಾತ್ರ, ಅವೂ ಮರದವು.

ದೊಡ್ಡಪ್ಪ ಬೂಟು ಹೊಲಿಯುವವರು. ಯಾರಾದರೂ ಮೊದಲ ಸಲ ಬಂದರೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ನೆಲದಲ್ಲಿ ಕೂತು, ಪಾದವನ್ನು ಎರಡು ಅಂಗೈಗಳ ನಡುವೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ನಾಡಿ ನೋಡುವ ವೈದ್ಯರ ಹಾಗೆ. ಆಮೇಲೆ ಟೇಪು ಹಿಡಿದು ಅಳೆಯುವುದೆಲ್ಲ ಬರೀ ಶಾಸ್ತ್ರಕ್ಕೆ. ಅಳತೆ ಸಿಕ್ಕ ಮೇಲೆ ಅದೇ ಆಕಾರಕ್ಕೆ ಮರದಲ್ಲಿ ಒಂದು ಜೊತೆ ಅಚ್ಚು ಕೆತ್ತುವುದು, ಅಚ್ಚಿನ ಮೇಲೆ ತೊಗಲು ಬಿಗಿದು ಹೊಲಿಯುವುದು. ಬೂಟು ಗಿರಾಕಿಯ ಜೊತೆ ಮನೆಗೆ ಹೋದರೆ ಅಚ್ಚು ಅಂಗಡಿಯ ಸೂರಿಗೆ ಹೋಗುತ್ತಿತ್ತು. ಹಾಗೆ ಡಾಕ್ಟರ ಪಕ್ಕದಲ್ಲಿ ಅವರ ಕೈಯಿಂದ ಬದುಕಿ ಬಂದ ಡ್ರಾಯಿಂಗ್ ಮೇಷ್ಟ್ರು, ಮೇಷ್ಟ್ರ ಪಕ್ಕದಲ್ಲಿ ಅವರಿಂದ ಕಿವಿ ಹಿಂಡಿಸಿಕೊಂಡ ಜಡ್ಜ್ ಸಾಹೇಬರು, ಎಲ್ಲರೂ ಸಮಾನರಾಗಿ ಹಿಮ್ಮಡಿ ಮೇಲೆ ಮಾಡಿ ತೂಗುತ್ತಿದ್ದರು.

"ಊರಿಗೆ ಊರೇ ನನ್ನ ತಲೆ ಮೇಲೆ ಕಾಲಿಟ್ಟಿದೆ ನೋಡು ಪುಟ್ಟಿ," ಎನ್ನುತ್ತಿದ್ದರು. ಪುಟ್ಟಿ ಎಂದರೆ ನಾನು. ತಲೆಗೂದಲಿಗೆ ಬಣ್ಣ ಹಚ್ಚುವ ವಯಸ್ಸು ಬಂದರೂ ಆ ಮನೆಯಲ್ಲಿ ನಾನು ಪುಟ್ಟಿಯೇ. ಅವರಿಗೆ ಮಕ್ಕಳಿರಲಿಲ್ಲ, ಆ ಜಾಗವನ್ನು ನಾನು ಚಿಕ್ಕಂದಿನಲ್ಲೇ ಒತ್ತುವರಿ ಮಾಡಿಕೊಂಡಿದ್ದೆ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಬೂಟಿನ ಹೊಳಪಿನಲ್ಲೇ ಮಕ್ಕಳ ಆತ್ಮದ ಸ್ಥಿತಿಗತಿ ನೋಡಿಬಿಡುತ್ತಿದ್ದರು. ದೊಡ್ಡಪ್ಪನ ದಯೆಯಿಂದ ನನ್ನ ಆತ್ಮ ಹತ್ತನೇ ಕ್ಲಾಸಿನ ತನಕ ನಿಷ್ಕಳಂಕವಾಗಿತ್ತು.

ಮಕ್ಕಳ ಕಾಲನ್ನು ಅವರು ವರ್ಷವರ್ಷವೂ ಅಳೆಯುತ್ತಿದ್ದರು. ದೊಡ್ಡವರದ್ದು ಮಾತ್ರ ಒಂದೇ ಸಲ. ಅದು ಅವರ ಕಸುಬಿನ ಹೆಮ್ಮೆ. ಜಡ್ಜ್ ಸಾಹೇಬರು ಒಮ್ಮೆ, "ಯಾಕೋ ಈ ಸಲ ಬಿಗಿಯಾಯ್ತಲ್ಲಪ್ಪ, ಇನ್ನೊಂದ್ಸಲ ಅಳತೆ ತಗೊಳ್ತೀಯಾ?" ಎಂದು ಕೇಳಿದ್ದಕ್ಕೆ ದೊಡ್ಡಪ್ಪ ಸೂರಿನಿಂದ ಅಚ್ಚು ಇಳಿಸಿ, ಧೂಳು ಒರೆಸಿ, ಅವರ ಮುಂದಿಟ್ಟು ತೀರ್ಪು ಕೊಟ್ಟಿದ್ದರು. "ಕಾಲ ಬದಲಾಗುತ್ತೆ ಸ್ವಾಮಿ, ಕಾಲು ಬದಲಾಗಲ್ಲ. ನೀವು ಸಾಕ್ಸ್ ಬದಲಾಯಿಸಿ." ಅದರ ಮೇಲೆ ಅಪೀಲು ಇರಲಿಲ್ಲ.

ಅವರು ಕೂರುವ ಜಾಗದ ನೆತ್ತಿಗೆ ಸರಿಯಾಗಿ ಒಂದು ಜೊತೆ ಪುಟ್ಟ ಅಚ್ಚು ತೂಗುತ್ತಿತ್ತು. ಉಳಿದವಕ್ಕೆಲ್ಲ ಸಾಧಾರಣ ಮರ, ಇದಕ್ಕೆ ಜೇನಿನ ಬಣ್ಣದ ಒಳ್ಳೆಯ ಮರ. ಅದು ದೊಡ್ಡಮ್ಮನ ಕಾಲು.

ಅದರ ಕತೆಯನ್ನು ದೊಡ್ಡಮ್ಮನೇ ಹೇಳಬೇಕು, ನಾನು ಹೇಳಿದರೆ ಉಪ್ಪು ಕಡಿಮೆ. ಕಾಲೇಜಿನಲ್ಲಿದ್ದಾಗ ಅವಳ ಕ್ಲಾಸಿನವರೆಲ್ಲ ಕಾಡಿನೊಳಗಿನ ಜಲಪಾತಕ್ಕೆ ಹೋಗಿದ್ದರಂತೆ. ಬಸ್ಸು ಇಳಿದು, ಗೇಟು ದಾಟಿ, ಮರಗಳ ನಡುವೆ ಬಹಳ ದೂರ ನಡೆದರೆ ಒಂದು ಕಲ್ಲಿನ ಕಟ್ಟೆ ಸಿಗುತ್ತದೆ. ಅಲ್ಲಿಂದ ಕೆಳಗೆ ಕಡಿದಾದ ಇಳಿಜಾರು, ಅದು ಮುಗಿದಲ್ಲಿ ಜಲಪಾತ. ಕಟ್ಟೆಯ ಹತ್ತಿರ ಬರುವಾಗ ದೊಡ್ಡಮ್ಮನ ಚಪ್ಪಲಿಯ ಬಾರು ಕಿತ್ತುಹೋಯಿತು. ಚೂಪು ಕಲ್ಲಿನ ದಾರಿ, ಬರಿಗಾಲಲ್ಲಿ ಇಳಿಯಬೇಡ ಎಂದು ಲೆಕ್ಚರರು ಅವಳನ್ನು ಕಟ್ಟೆಯ ಮೇಲೆ ಕೂರಿಸಿದರು. ಉಳಿದವರೆಲ್ಲ ಕೆಳಗಿಳಿದು ನೋಡಿ ನೆನೆದು ಕೂಗಾಡಿ ಬಂದರು. ಇವಳು ಸದ್ದು ಮಾತ್ರ ಕೇಳಿಸಿಕೊಂಡು ಬಂದಳು.

"ಊಟಕ್ಕೆ ಕರೆದು, ಬಾಗಿಲಲ್ಲೇ ನಿಲ್ಲಿಸಿ, ಒಳಗೆ ಬಡಿಸೋ ಸದ್ದು ಕೇಳಿಸಿ ಕಳಿಸಿದ ಹಾಗಾಯ್ತು ಕಣೇ," ಎನ್ನುತ್ತಿದ್ದಳು.

ಮಾರನೇ ದಿನ ಅದೇ ಚಪ್ಪಲಿ ಹಿಡಿದು ಅಂಗಡಿಗೆ ಬಂದಳು. ಬಾರು ಹೊಲಿದುಕೊಟ್ಟರೆ ಮುಗಿಯುತ್ತಿತ್ತು. ದೊಡ್ಡಪ್ಪ ಸ್ಟೂಲಿನ ಮೇಲೆ ಕೂರಿಸಿ ಅಳತೆ ತೆಗೆದರು.

"ಬಾರು ಹೊಲಿಯೋಕೆ ಅಳತೆ ಯಾಕೆ ಅಂತ ಕೇಳಿದೆ," ಎನ್ನುತ್ತಿದ್ದಳು ದೊಡ್ಡಮ್ಮ. "ನಿಮ್ಮನ್ನ ಜಲಪಾತದ ತನಕ ಕರ್ಕೊಂಡು ಹೋಗೋ ಬೂಟು ಮಾಡಿಕೊಡ್ತೀನಿ ಅಂದ್ರು. ನನ್ನ ಮುಖ ನೋಡಿದ್ದು ಮದುವೆ ಆದಮೇಲೇ ಇರ್ಬೇಕು ಈ ಮನುಷ್ಯ."

ದೀಪದ ಬುಡ ಕತ್ತಲೆ. ಅಚ್ಚು ಕೆತ್ತಿ ಮುಗಿಯುವಷ್ಟರಲ್ಲಿ ಮದುವೆಯೇ ಆಗಿಹೋಯಿತು, ಆಮೇಲೆ ಅದರ ಮೇಲೆ ಒಂದು ಬೂಟೂ ಹುಟ್ಟಲಿಲ್ಲ. ಶಾಲೆ ಶುರುವಾಗುವ ಕಾಲ, ಮದುವೆಗಳ ಕಾಲ, ಮಳೆಗೆ ಅಟ್ಟೆ ಬಿಟ್ಟ ಬೂಟುಗಳ ಕಾಲ, ಒಂದರ ಹಿಂದೊಂದು ಬಂತು. ಒಳಕೋಣೆಯ ಹೊಲಿಗೆ ಮಷೀನಿನ ಮುಂದೆ ಕೂತು ಊರಿನವರ ಬೂಟಿಗೆಲ್ಲ ಮೇಲ್ತೊಗಲು ಹೊಲಿಯುತ್ತಿದ್ದ ದೊಡ್ಡಮ್ಮ ರಬ್ಬರ್ ಚಪ್ಪಲಿಯಲ್ಲೇ ಆಯುಷ್ಯ ತುಳಿದಳು. ಜಲಪಾತದ ಮಾತು ಬಂದಾಗಲೆಲ್ಲ ದೊಡ್ಡಪ್ಪ "ಒಂದಿನ ಹೋಗೋಣ" ಎನ್ನುತ್ತಿದ್ದರು. "ಎಲ್ಲಾ ವಾರದ ಹೆಸರು ಗೊತ್ತು ನಂಗೆ, ಈ 'ಒಂದಿನ' ಯಾವ ವಾರ ಬರುತ್ತೋ ಗೊತ್ತಿಲ್ಲ," ಎಂದು ಅವಳು ನಗುತ್ತಿದ್ದಳು.

ಈಗ ಹೋದ ವರ್ಷದ ವಿಷಯ. ಮಳೆಗಾಲದ ಕೊನೆ. ದೊಡ್ಡಮ್ಮನಿಗೆ ಊಟ ಸೇರುತ್ತಿರಲಿಲ್ಲ. ನನ್ನ ಅಮ್ಮ, ಅಂದರೆ ಅವಳ ತಂಗಿ, ಅಕ್ಕನನ್ನು ಎಳೆದುಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಕಾರು ಓಡಿಸಿದವಳು ನಾನು. ಡಾಕ್ಟರು ಬಾಗಿಲು ಹಾಕಿಕೊಂಡು ಮಾತಾಡಿದರು. ಮಾಡುವಂಥದ್ದು ಏನೂ ಉಳಿದಿಲ್ಲ, ನೋವಿಗೆ ಮಾತ್ರೆ ಕೊಡುತ್ತೇವೆ, ಇಷ್ಟವಾದದ್ದನ್ನು ಮಾಡಲಿ ಎಂದರು. ವಾಪಸು ಬರುವಾಗ ದೊಡ್ಡಮ್ಮ ಹಿಂದಿನ ಸೀಟಿನಿಂದ ಒಂದೇ ಮಾತು ಹೇಳಿದಳು.

"ಅವರಿಗೆ ಹೇಳ್ಬೇಡಿ. ಕೈ ನಡುಗಿದ್ರೆ ಉಳಿ ಜಾರುತ್ತೆ."

"ಅಕ್ಕಾ, ಎಷ್ಟು ದಿನ ಮುಚ್ಚಿಡ್ತೀಯ? ಕಣ್ಣಿಲ್ವಾ ಭಾವನಿಗೆ?"

"ಇದೆ. ಮೊಣಕಾಲಿಂದ ಕೆಳಗೆ."

ನಾವಿಬ್ಬರೂ ನಕ್ಕುಬಿಟ್ಟೆವು. ಆಮೇಲೆ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದರೂ ನನಗೆ ಕಾಣಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆ ಟೀ ಕುಡಿಯುವಾಗ ದೊಡ್ಡಮ್ಮ ಗಂಡನನ್ನು ಕೇಳಿದಳಂತೆ. "ಈ ಸಲ ಜಲಪಾತಕ್ಕೆ ಹೋಗೋಣವಾ?" ಯಾವತ್ತೂ ತಾನಾಗಿ ಕೇಳಿದವಳಲ್ಲ. ದೊಡ್ಡಪ್ಪ ಟೀ ಲೋಟ ಕೆಳಗಿಟ್ಟು ಎದ್ದವರೇ ಅಂಗಡಿ ಬಾಗಿಲಿಗೆ "ಹೊಸ ಕೆಲಸ ಹಿಡಿಯುವುದಿಲ್ಲ" ಎಂದು ಬರೆದ ರಟ್ಟು ನೇತುಹಾಕಿದರು. ಏಣಿ ತಂದು ನೆತ್ತಿಯ ಮೇಲಿನ ಅಚ್ಚು ಇಳಿಸಿದರು. ದಾರಿ ಒಣಗುವಷ್ಟರಲ್ಲಿ ಬೂಟು ಆಗಬೇಕು, ನೀರು ಕಡಿಮೆಯಾಗುವಷ್ಟರಲ್ಲಿ ಹೋಗಿಬರಬೇಕು.

ಆಮೇಲೆ ಆ ಮನೆಯಲ್ಲಿ ಪ್ಲಾನಿಂಗ್ ಎಂಬ ಹಬ್ಬ ಶುರುವಾಯಿತು. ಅಡುಗೆಮನೆಯ ಮೇಜಿನ ಮೇಲೆ ದೊಡ್ಡಪ್ಪ ಒಂದು ತುಂಡು ತೊಗಲು ಹಾಸಿ, ಸೀಮೆಸುಣ್ಣದಿಂದ ದಾರಿ ಬರೆದರು. ಇಲ್ಲಿ ಬಸ್ಸು, ಇಲ್ಲಿ ಗೇಟು, ಇಲ್ಲಿ ಬ್ರೆಡ್ಡು ಮೊಟ್ಟೆ, ಇಲ್ಲಿ ಕಟ್ಟೆ, ಇಲ್ಲಿ ನೀರು.

"ಇಲ್ಲೊಂದು ಕಡೆ ಕೂರೋಣ," ದೊಡ್ಡಮ್ಮ ಬೆರಳಿಟ್ಟಳು.

"ಅಲ್ಲೇ ಕೂತ್ರೆ ಹೇಗೆ ಇವಳೇ? ಅದು ಗೇಟು. ಇನ್ನೂ ಟಿಕೆಟ್ಟೇ ತಗೊಂಡಿಲ್ಲ."

"ಸರಿ, ಟಿಕೆಟ್ ತಗೊಂಡು ಕೂರೋಣ."

"ಫ್ಲಾಸ್ಕ್ ಯಾರು ಹೊರೋದು?"

"ನೀವು. ನಾನು ನನ್ನನ್ನ ಹೊತ್ಕೋತೀನಿ, ಸಾಲದಾ?"

ದೊಡ್ಡಪ್ಪ ಜೋರಾಗಿ ನಕ್ಕರು. ಅವರಿಗೆ ಅದು ಬರೀ ತಮಾಷೆ. ಅಮ್ಮ ಸಿಂಕಿನ ಕಡೆ ತಿರುಗಿ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಅಮ್ಮ ಸುಮ್ಮನಿರುವವಳಲ್ಲ. "ಭಾವ, ಅವಳು ಸೊರಗಿದ್ದಾಳೆ. ಮುಂದಿನ ವರ್ಷ ನೋಡಿದ್ರಾಯ್ತು," ಎಂದಳು. "ಸೊರಗಿಲ್ಲಮ್ಮ, ಡಯಟ್ಟು," ಎಂದರು ದೊಡ್ಡಪ್ಪ. "ಬೆಟ್ಟ ಇಳೀಬೇಕಲ್ಲ, ಹಗುರ ಆಗ್ತಿದ್ದಾಳೆ. ಅಲ್ವೇನೇ?" "ಹೌದು ಮತ್ತೆ," ಎಂದಳು ದೊಡ್ಡಮ್ಮ. ನಾನು ಕಾಡಿನ ಗೇಟಿಗೆ ಫೋನು ಮಾಡಿದೆ. ಗಾರ್ಡು ಒಳ್ಳೆಯ ಮನುಷ್ಯ. ಕೊನೆಯ ಇಳಿಜಾರು ಆಗದವರು ಕಟ್ಟೆಯ ಮೇಲೇ ಕೂರಬಹುದು, ಅಲ್ಲಿಗೂ ಸದ್ದು ಚೆನ್ನಾಗಿ ಕೇಳಿಸುತ್ತೆ ಎಂದ. ಆ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ದೊಡ್ಡಮ್ಮ ಸಂಜೆ ನನ್ನ ತೋಳು ಹಿಡಿದು ನಡೆದು ಅಭ್ಯಾಸ ಮಾಡುತ್ತಿದ್ದಳು. ಮೊದಲು ಪಾರ್ಕಿನ ತನಕ. ಆಮೇಲೆ ರಸ್ತೆಯ ತಿರುವಿನ ತನಕ. ಆಮೇಲೆ ಕ್ಷೌರದಂಗಡಿಯ ಬೆಂಚಿನ ತನಕ, ಅದು ಮನೆಯಿಂದ ಕಾಣಿಸುತ್ತದೆ. ಅಭ್ಯಾಸ ಮಾಡಿದಷ್ಟೂ ದಾರಿ ಗಿಡ್ಡವಾಗುವುದನ್ನು ನಾನು ಅಲ್ಲೇ ನೋಡಿದ್ದು. ಒಂದು ದಿನ ಆ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಾ ಹೇಳಿದಳು.

"ಪುಟ್ಟಿ, ನಾನು ಅಲ್ಲಿ ತನಕ ನಡೆಯೋಕಾಗಲ್ಲ ಅಂತ ನಂಗೊತ್ತು."

"ಹಾಗಾದ್ರೆ ಹೇಳಿಬಿಡು ದೊಡ್ಡಮ್ಮ. ಯಾಕೆ ಈ ನಾಟಕ?"

"ನಾಟಕ ಅಲ್ವೇ. ಬೆಳಿಗ್ಗೆ ಎದ್ದ ತಕ್ಷಣ ಆ ಮನುಷ್ಯ ಬಂದು ಕೇಳ್ತಾರೆ, ಮೊಟ್ಟೆ ಎಷ್ಟು ಬೇಯಿಸೋಣ, ಕೊಡೆ ಬೇಕಾ ಬೇಡ್ವಾ ಅಂತ. ಇಷ್ಟು ವರ್ಷ ಗಿರಾಕಿಗಳ ವಿಷಯ ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ ಕಣೇ. ಹೊರಡೋಕೆ ರೆಡಿಯಾಗ್ತಿರೋ ಮನೇಲಿ ಕೂತಿದ್ದೀನಿ. ಎಷ್ಟು ಚೆನ್ನಾಗಿದೆ ಗೊತ್ತಾ?"

ಒಳಗಿದ್ದ ಕ್ಷೌರಿಕ ಕತ್ತರಿ ನಿಲ್ಲಿಸಿ, "ಅಮ್ಮಾ, ನೀರು ಬೇಕಾ?" ಎಂದ. "ಬೇಡಪ್ಪ, ನೀರು ನೋಡೋಕೇ ಹೊರಟಿದ್ದೀನಿ," ಎಂದಳು.

ಬೂಟು ತಯಾರಾಯಿತು. ಕಂದು ತೊಗಲು, ಕಣಕಾಲು ಮುಚ್ಚುವಷ್ಟು ಎತ್ತರ, ಜಾರದ ಹಾಗೆ ಗೀರು ಹಾಕಿದ ಅಟ್ಟೆ, ಒಳಗೆ ಮೆತ್ತನೆಯ ಉಣ್ಣೆ. ಅರ್ಧ ಆದ ಬೂಟನ್ನು ಕಾಲಿಗೆ ಹಾಕಿಸಿ ನೋಡುವ ಪದ್ಧತಿ ದೊಡ್ಡಪ್ಪನದ್ದಲ್ಲ. ಅಚ್ಚಿಗೆ ಸರಿಹೋದರೆ ಕಾಲಿಗೆ ಸರಿಹೋದಂತೆಯೇ. ಭಾನುವಾರ ಮಧ್ಯಾಹ್ನ ನಮ್ಮನ್ನೆಲ್ಲ ಕರೆಸಿ, ದೊಡ್ಡಮ್ಮನನ್ನು ಅದೇ ಹಳೇ ಸ್ಟೂಲಿನ ಮೇಲೆ ಕೂರಿಸಿ, ತಾವು ನೆಲದಲ್ಲಿ ಕೂತರು.

"ಲೇಸು ಕಟ್ಟೋಕೆ ಮೊದಲು ಒಂದು ಮಾತು," ಎಂದೆ ನಾನು. "ತಡವಾದರೂ ಲೇಸೇ ಆಯಿತು ದೊಡ್ಡಪ್ಪ." ಅವರು ಹೆಮ್ಮೆಯಿಂದ ನಕ್ಕು ಬೂಟು ತೊಡಿಸಿದರು.

ಬಾವಿಗೆ ಬಿಂದಿಗೆ ಇಳಿದ ಹಾಗೆ ಕಾಲು ಬೂಟಿನೊಳಗೆ ಇಳಿದುಹೋಯಿತು. ಎಲ್ಲೂ ತಾಗಲಿಲ್ಲ.

ದೊಡ್ಡಪ್ಪ ಬೂಟು ತೆಗೆದರು. ಒಳಗೆ ಕೈಹಾಕಿ ನೋಡಿದರು. ಅಚ್ಚು ತಂದು ಬೂಟಿನೊಳಗೆ ಕೂರಿಸಿದರು, ಉಸಿರಾಡಲೂ ಜಾಗವಿಲ್ಲದಷ್ಟು ಸರಿಯಾಗಿ ಕೂತಿತು. "ತೊಗಲು ಹಿಗ್ಗಿರ್ಬೇಕು," ಎಂದರು. ತೊಗಲು ಎಳೆದು ನೋಡಿದರು. ಹಿಗ್ಗಿರಲಿಲ್ಲ.

"ಎರಡು ಜೊತೆ ಸಾಕ್ಸ್ ಹಾಕ್ತೀನಿ ಬಿಡಿ," ಎಂದಳು ದೊಡ್ಡಮ್ಮ. "ನೀವೇ ಹೇಳ್ತೀರಲ್ಲ, ಸಾಕ್ಸ್ ಬದಲಾಯಿಸಿ ಅಂತ."

ಆಗ ಅವರು ಅವಳ ಕಾಲನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡರು, ಮೊದಲ ದಿನದ ಹಾಗೆ. ಸ್ವಲ್ಪ ಹೊತ್ತಲ್ಲ, ಬಹಳ ಹೊತ್ತು. ಹೆಬ್ಬೆರಳಿಂದ ಹಿಮ್ಮಡಿ ಸವರಿದರು. ಮೂಳೆಯ ಮೇಲೆ ಚರ್ಮ ಮಾತ್ರ ಉಳಿದ ಆ ಪಾದದ ಮೇಲೆ ಅವರ ಕೈ ಮೇಲೂ ಕೆಳಗೂ ಹೋಯಿತು. ಊರಿನ ಕಾಲುಗಳನ್ನೆಲ್ಲ ಬಲ್ಲ ಕೈಗೆ ಡಾಕ್ಟರ ಕಾಗದ ಬೇಕಿರಲಿಲ್ಲ.

"ಯಾವಾಗಿಂದ?" ಎಂದು ಕೇಳಿದರು. ತಲೆ ಎತ್ತಲಿಲ್ಲ.

"ಬೂಟು ಸರಿಯಾಗಿದೆ ರೀ," ಎಂದಳು ದೊಡ್ಡಮ್ಮ. "ಕಾಲೇ ಅಳತೆ ತಪ್ಪಿದ್ದು."

ಅವರು ಆ ಪಾದವನ್ನು ಬಿಡದೆ, ಅದರ ಮೇಲೆ ಹಣೆಯಿಟ್ಟು ಕೂತುಬಿಟ್ಟರು. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಮೇಜಿನ ಮೇಲೆ ಸೀಮೆಸುಣ್ಣದ ದಾರಿ ಹಾಗೇ ಇತ್ತು, ಫ್ಲಾಸ್ಕಿನ ಹಸಿ ಗುರುತು ಕಾಡಿನ ಅರ್ಧ ಭಾಗವನ್ನು ಅಳಿಸಿತ್ತು.

ಅಂಗಡಿಯಲ್ಲಿ ಹಿಂದೆಂದೂ ನಡೆಯದ್ದು ನಡೆಯತೊಡಗಿತು. ದೊಡ್ಡಪ್ಪ ದೊಡ್ಡವರ ಕಾಲೊಂದನ್ನು ಎರಡನೇ ಸಲ ಅಳೆದರು. ಜೇನಿನ ಬಣ್ಣದ ಅಚ್ಚನ್ನು ಇಕ್ಕಳಕ್ಕೆ ಸಿಕ್ಕಿಸಿ, ಅರದಿಂದ ಉಜ್ಜಿ ಉಜ್ಜಿ ಸಣ್ಣದು ಮಾಡಿದರು. ಹೊಸ ಬೂಟಿಗೆ ತೊಗಲು ಕತ್ತರಿಸುವ ಮೊದಲು ಮತ್ತೊಮ್ಮೆ ಅಳೆದರೆ ಅಚ್ಚು ದೊಡ್ಡದಾಗಿತ್ತು. ಮತ್ತೆ ಉಜ್ಜಿದರು. ಮತ್ತೆ ಅಳೆದರು. ತೊಗಲು ಹಾಗೇ ಉಳಿಯಿತು, ಇಕ್ಕಳದ ಕೆಳಗೆ ಮರದ ಪುಡಿ ಮಾತ್ರ ಗುಡ್ಡೆಯಾಯಿತು. ಅವರು ಯಾರನ್ನೂ ಬೈಯಲಿಲ್ಲ, ಯಾಕೆ ಮುಚ್ಚಿಟ್ಟಿರಿ ಎಂದು ನಮ್ಮನ್ನು ಕೇಳಲೂ ಇಲ್ಲ. ಅರದ ಸದ್ದು ಬೀದಿಗೆಲ್ಲ ಕೇಳುತ್ತಿತ್ತು.

ಕೊನೆಗೆ ದೊಡ್ಡಮ್ಮನೇ ಒಳಕೋಣೆಯ ಮಂಚದಿಂದ ಕೂಗಿದಳು. "ಸಾಕು ಬಿಡಿ ಅಂದ್ರೆ. ಹೀಗೇ ಉಜ್ಜುತ್ತಾ ಹೋದ್ರೆ ಮರ ಉಳಿಯಲ್ಲ."

ಅರ ನಿಂತಿತು.

"ಆ ದೊಡ್ಡ ಬೂಟೇ ಕೊಡಿ. ನಾಳೆ ಬಿಸಿಲಿದ್ರೆ ಹೋಗೋಣ."

ಬಿಸಿಲಿತ್ತು. ಬಸ್ಸಿನ ಬದಲು ನನ್ನ ಕಾರು. ಗಾರ್ಡು ಕಿಟಕಿಯೊಳಗೆ ಒಮ್ಮೆ ಇಣುಕಿ ನೋಡಿ, ಏನೂ ಕೇಳದೆ, ವಾಹನಗಳಿಗೆ ತೆಗೆಯದ ಗೇಟನ್ನು ತೆಗೆದ. ಕಟ್ಟೆಗೆ ಸ್ವಲ್ಪ ಹಿಂದೆ ಕಾರು ನಿಲ್ಲಿಸಿದೆ. ಅಲ್ಲಿಂದ ಕಟ್ಟೆಯ ತನಕ ದೊಡ್ಡಮ್ಮ ಬೂಟಿನೊಳಗೆ ಹತ್ತಿ ತುಂಬಿಸಿಕೊಂಡು, ದೊಡ್ಡಪ್ಪನ ಹೆಗಲು ಹಿಡಿದು ನಡೆದಳು. ಅವಳ ಜಲಪಾತದ ನಡಿಗೆ ಅಷ್ಟೇ.

"ಕಚ್ಚುತ್ತಾ?" ಎಂದು ದಾರಿಯುದ್ದಕ್ಕೂ ಕೇಳಿದರು ದೊಡ್ಡಪ್ಪ.

"ಇಲ್ಲ ರೀ. ಕಚ್ಚೋಕೆ ಏನಾದ್ರೂ ಇರ್ಬೇಕಲ್ಲ."

ಕಟ್ಟೆಯ ಮೇಲೆ ಕೂತೆವು. ಕೆಳಗೆ ಮರಗಳು, ಮರಗಳಾಚೆ ಸದ್ದು. ಯಾರೋ ಕೆಳಗಿನಿಂದ ಏರಿ ಬರುತ್ತಿದ್ದರು, ಪ್ಯಾಂಟೆಲ್ಲ ಒದ್ದೆ, ಬೂಟಿಗೆ ಕೆಂಪು ಕೆಸರು ಮೆತ್ತಿತ್ತು. ದೊಡ್ಡಮ್ಮ ಅವರನ್ನು ತುಂಬ ಆಸೆಯಿಂದ ನೋಡಿದಳು. ದೊಡ್ಡಪ್ಪ ಅವಳ ಮುಂದೆ ಬೆನ್ನು ಬಗ್ಗಿಸಿ, "ಹತ್ತು, ಹೊತ್ಕೊಂಡು ಇಳೀತೀನಿ," ಎಂದರು.

"ಇಬ್ಬರೂ ಒಟ್ಟಿಗೆ ಉರುಳೋಣ ಅಂತಾನಾ? ನೀವು ಹೋಗಿ ನೋಡ್ಕೊಂಡು ಬನ್ನಿ. ಬಂದು ನಂಗೆ ಹೇಳಿ. ಚೆನ್ನಾಗಿ ನೋಡ್ಬೇಕು, ಗೊತ್ತಾಯ್ತಾ? ಬರೀ ಕೆಳಗೆ ನೋಡ್ಬೇಡಿ, ತಲೆ ಎತ್ತಿ ನೋಡಿ."

ಅವರು ಇಳಿದು ಮರಗಳ ಹಿಂದೆ ಮರೆಯಾದರು. ದೊಡ್ಡಮ್ಮನಿಗೆ ಚಳಿ ಎನಿಸಿತು, ಶಾಲು ತರಲು ನಾನು ಕಾರಿನ ಹತ್ತಿರ ಹೋದೆ. ಅಲ್ಲಿಂದ ಇಳಿಜಾರಿನ ಮೊದಲ ತಿರುವು ಕಾಣಿಸುತ್ತಿತ್ತು. ದೊಡ್ಡಪ್ಪ ಅಲ್ಲೇ ಒಂದು ಮರ ಹಿಡಿದುಕೊಂಡು ನಿಂತಿದ್ದರು. ಜಲಪಾತಕ್ಕೆ ಬೆನ್ನು, ಮುಖ ಕಟ್ಟೆಯ ಕಡೆ. ಎಲೆಗಳ ಸಂದಿಯಿಂದ ದೊಡ್ಡಮ್ಮನನ್ನು ನೋಡುತ್ತಿದ್ದರು. ಅವಳ ಮುಖವನ್ನು.

ನಾನು ಸದ್ದಿಲ್ಲದೆ ವಾಪಸು ಬಂದು ಶಾಲು ಹೊದಿಸಿದೆ.

ಹೋಗಿ ಬರುವಷ್ಟು ಹೊತ್ತು ಕಳೆದ ಮೇಲೆ ಅವರು ಏರಿ ಬಂದರು. ದೊಡ್ಡಮ್ಮನ ಪಕ್ಕದಲ್ಲಿ ಕೂತು, ಕಾಲು ಚಾಚಿ ಹೇಳಲು ಶುರುಮಾಡಿದರು. ಎಷ್ಟು ಎತ್ತರ ಅಂತೀಯ, ನಮ್ಮ ಬೀದಿಯನ್ನ ಎತ್ತಿ ನಿಲ್ಲಿಸಿದಷ್ಟು. ಮೇಲೆ ಒಂದೇ ನೀರು, ನಡುವೆ ಬಂಡೆಗೆ ಬಡಿದು ಎರಡಾಗುತ್ತೆ, ಕೆಳಗೆ ಬರುವಷ್ಟರಲ್ಲಿ ಮತ್ತೆ ಒಂದೇ. ಹಕ್ಕಿಗಳು ನೀರಿನ ಹಿಂದುಗಡೆ ಗೂಡು ಕಟ್ಟಿವೆ, ಒದ್ದೆಯಾಗದೆ ಒಳಗೆ ಹೋಗ್ತವೆ. ಅವರು ಇಷ್ಟು ಮಾತಾಡಿದ್ದನ್ನು ನಾನು ಜೀವನದಲ್ಲಿ ಕೇಳಿರಲಿಲ್ಲ. ಸುಳ್ಳು ಎಷ್ಟು ಸುಂದರವಾಗಿತ್ತೆಂದರೆ ನನಗೂ ತುಂತುರು ತಾಗಿದ ಹಾಗಾಯಿತು.

ದೊಡ್ಡಮ್ಮ ಕೇಳುತ್ತಿದ್ದಳು. ಅವಳ ಕಣ್ಣು ಚಾಚಿಕೊಂಡಿದ್ದ ಅವರ ಬೂಟುಗಳ ಮೇಲಿತ್ತು. ಬೂಟಿನವನ ಹೆಂಡತಿ ಬೇರೆಲ್ಲಿ ನೋಡುತ್ತಾಳೆ? ಎರಡೂ ಒಣಗಿದ್ದವು. ಒಂದು ಹನಿ ನೀರಿಲ್ಲ, ಒಂದು ಚೂರು ಕೆಸರಿಲ್ಲ, ತುದಿಯಲ್ಲಿ ಕಟ್ಟೆಯ ಬಿಳೀ ಧೂಳು.

ಅವಳು ಶಾಲಿನ ಅಂಚನ್ನು ಎಳೆದು ಅವರ ಕಾಲಿನ ಮೇಲೆ ಹಾಕಿ ಬೂಟುಗಳನ್ನು ಮುಚ್ಚಿದಳು, ನನಗೆ ಕಾಣದಿರಲಿ ಎಂಬಂತೆ.

"ಆಮೇಲೆ?" ಎಂದಳು. "ಹಕ್ಕಿ ಯಾವ ಬಣ್ಣ?"

ಚಳಿಗಾಲ ಮುಗಿಯುವ ಮೊದಲೇ ದೊಡ್ಡಮ್ಮ ಹೋದಳು. ದೊಡ್ಡ ಬೂಟುಗಳು ಒಳಕೋಣೆಯ ಮಷೀನಿನ ಕೆಳಗಿವೆ, ಅಟ್ಟೆ ಇನ್ನೂ ಹೊಸದು. ಉಜ್ಜಿದ ಅಚ್ಚು ಮತ್ತೆ ಅವರ ನೆತ್ತಿಯ ಮೇಲೆ ತೂಗುತ್ತಿದೆ. ಗೊತ್ತಿಲ್ಲದವರು ಅದನ್ನು ಯಾವುದೋ ಮಗುವಿನದ್ದು ಅಂದುಕೊಳ್ಳುತ್ತಾರೆ. ಜಲಪಾತಕ್ಕೆ ಒಮ್ಮೆ ಹೋಗಿಬರೋಣ ದೊಡ್ಡಪ್ಪ ಎಂದು ನಾನು ಕರೆದರೆ, "ನೋಡಿ ಆಗಿದೆಯಲ್ಲ ಪುಟ್ಟಿ," ಎನ್ನುತ್ತಾರೆ.

ಅಂಗಡಿ ಮತ್ತೆ ತೆರೆದಿದೆ. ಮೊನ್ನೆ ನಾನಿದ್ದಾಗಲೇ ಜಡ್ಜ್ ಸಾಹೇಬರು ಬಂದರು. ದೊಡ್ಡಪ್ಪ ಸ್ಟೂಲು ಎಳೆದು, ಅದರ ಮುಂದೆ ನೆಲದಲ್ಲಿ ಕೂತರು.

"ಅಳತೆ ಯಾಕಪ್ಪ ಮತ್ತೆ?" ಎಂದು ಸಾಹೇಬರು ಸೂರಿನ ಕಡೆ ಬೆರಳು ತೋರಿಸಿದರು. "ನನ್ನದು ಅಲ್ಲೇ ಇದೆಯಲ್ಲ. ಕಾಲು ಬದಲಾಗಲ್ಲ ಅಂದವನು ನೀನೇ ತಾನೆ?"

ದೊಡ್ಡಪ್ಪ ತಲೆ ಎತ್ತಿ ಅವರ ಮುಖವನ್ನು ಒಂದು ಗಳಿಗೆ ಸರಿಯಾಗಿ ನೋಡಿದರು. ಆಮೇಲೆ ಎರಡು ಅಂಗೈಗಳನ್ನೂ ಚಾಚಿದರು.

"ಇರ್ಲಿ ಸ್ವಾಮಿ," ಎಂದರು. "ಕಾಲು ಕೊಡಿ."